ಹೊಗೆಯಿಲ್ಲದ ಕೆಂಡವನ್ನು ನಂಬಬಹುದೆ?

ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗುವಾಗ ಕಾಲುವೆ ನೀರು ತಲುಪದ ಬೀಳುಭೂಮಿಯಲ್ಲೆಲ್ಲ ಒಂದು ಮುಳ್ಳುಗಿಡ ಕಾಣುತ್ತದೆ. ಅದೇ ಬಳ್ಳಾರಿ ಜಾಲಿ. ಅಮೆರಿಕ ಖಂಡದ ಈ ಗಿಡ ಭಾರತಕ್ಕೆ ಬಂದದ್ದು 19ನೇ ಶತಮಾನದಲ್ಲಿ. ರೈತನಿಗೆ ಅದು ಪೀಡೆ, ಇದ್ದಿಲು ಸುಡುವವನಿಗೆ ಅನ್ನ. ಇಸ್ತ್ರಿ ಪೆಟ್ಟಿಗೆಗೆ, ಕಮ್ಮಾರನ ಕುಲುಮೆಗೆ, ಮೆಕ್ಕೆಜೋಳದ ತೆನೆ ಸುಡುವ ತಳ್ಳುಗಾಡಿಗೆ, ಹಿತ್ತಲಲ್ಲಿ ಬದನೆಕಾಯಿ ಸುಡುವುದಕ್ಕೆ ಇದ್ದಿಲು ಬೇಕು.

ಇದ್ದಿಲು ಎಂದರೇನು? ಕಟ್ಟಿಗೆಯನ್ನು ಮಣ್ಣಿನಿಂದ ಮುಚ್ಚಿ, ಗಾಳಿ ಸಾಕಷ್ಟು ಸಿಗದಂತೆ ಸುಟ್ಟಾಗ ನೀರು, ಹೊಗೆಯಾಗುವ ಅನಿಲಗಳು ಹೊರಟುಹೋಗಿ ಬಹುಪಾಲು ಇಂಗಾಲ ಉಳಿಯುತ್ತದೆ. ಒಂದು ಕಿಲೋ ಇದ್ದಿಲಿಗೆ ನಾಲ್ಕೈದು ಕಿಲೋ ಒಣ ಕಟ್ಟಿಗೆ ಬೇಕು. ಹೊಗೆಯ ಅಂಶ ಮೊದಲೇ ಹೋಗಿರುವುದರಿಂದ ಕೆಂಡ ಹೊಗೆಯಾಡುವುದಿಲ್ಲ. ನಾವು ಮೋಸ ಹೋಗುವುದು ಇಲ್ಲಿಯೇ.

ಕೆಂಡದ ತಳದಲ್ಲಿ ಇಂಗಾಲ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅದು ಮೇಲಿನ ಕೆಂಪು ಕೆಂಡದ ನಡುವೆ ಹಾಯುವಾಗ ಇನ್ನಷ್ಟು ಇಂಗಾಲದೊಡನೆ ಸೇರಿ ಇಂಗಾಲದ ಮೊನಾಕ್ಸೈಡ್ ಆಗುತ್ತದೆ. ಕೆಂಡದ ಮೇಲೆ ಆಡುವ ನೀಲಿ ಜ್ವಾಲೆ ಈ ಅನಿಲದ್ದೇ. ಉರಿಯದೆ ಉಳಿದದ್ದು ಕೋಣೆಗೆ ಸೇರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಮಂಪರು. ಮಲಗಿದ್ದವರು ಏಳದೆ ಹೋಗಬಹುದು.

ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವ ರೂಢಿಯುಂಟು. ಥಂಡಿ ಗಾಳಿ ತಾಗಬಾರದೆಂದು ಬಾಗಿಲು ಕಿಟಕಿಗಳನ್ನೂ ಮುಚ್ಚುತ್ತಾರೆ. ಅಕ್ಕರೆಯಿಂದ ಮಾಡಿದ ಈ ಕೆಲಸ ತಾಯಿ ಮಗು ಇಬ್ಬರ ಉಸಿರಿಗೂ ಕುತ್ತಾಗಬಹುದು. ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡವೇ ಬೇಡ. ಯಾರಿಗಾದರೂ ತಲೆ ಸುತ್ತಿದರೆ ಮೊದಲು ಬಯಲಿಗೆ ಕರೆತನ್ನಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಇನ್ನು ಕೊಳ್ಳುವ ವಿಚಾರ. ಒಂದು ತುಂಡು ಮುರಿದು ನೋಡಿ. ಒಳಗೆಲ್ಲ ಕಪ್ಪಾಗಿ ಹೊಳೆದರೆ ಒಳ್ಳೆಯದು. ಕಂದುಬಣ್ಣ ಕಂಡರೆ ಅರೆಬೆಂದದ್ದು, ಹೊಗೆ ಬರುತ್ತದೆ. ಎರಡು ತುಂಡು ತಟ್ಟಿದರೆ ಟಣ್ಣೆನ್ನಬೇಕು. ತೂಕದಲ್ಲಿ ಕೊಳ್ಳುವಾಗ ತೇವವಿದ್ದರೆ ನೀರಿಗೆ ಹಣ ಕೊಟ್ಟಂತೆ. ಚೀಲದ ತಳದ ಪುಡಿಯನ್ನೂ ನೋಡಿಕೊಳ್ಳಿ.

ಇಡುವಾಗ ಚೀಲವನ್ನು ನೆಲಕ್ಕೆ ತಾಗಿಸದೆ ಇಟ್ಟಿಗೆಯ ಮೇಲೆ, ಮಳೆ ಬೀಳದ ಕಡೆ, ಅಡುಗೆ ಒಲೆಯಿಂದ ದೂರ ಇಡಿ. ಆಗತಾನೆ ಸುಟ್ಟು ತೆಗೆದ ಇದ್ದಿಲು ಗಾಳಿಯ ಆಮ್ಲಜನಕವನ್ನು ಹೀರಿ ತಾನೇ ಬಿಸಿಯಾಗುತ್ತದೆ, ರಾಶಿಯಾಗಿದ್ದರೆ ಹೊತ್ತಿಕೊಳ್ಳಲೂಬಹುದು. ಅದನ್ನು ಒಂದು ದಿನವಾದರೂ ಬಯಲಲ್ಲಿ ಹರವಿಟ್ಟು ಆಮೇಲೆ ತುಂಬಬೇಕು.

ಉಳಿದ ಇದ್ದಿಲನ್ನು ಮತ್ತೆ ಬಳಸಬಹುದೆ? ಧಾರಾಳವಾಗಿ. ಆದರೆ 'ಬೂದಿ ಮುಚ್ಚಿದ ಕೆಂಡ' ಎಂಬ ಮಾತು ನೆನಪಿರಲಿ. ಒಮ್ಮೆ ಚಿತ್ರೀಕರಣ ಮುಗಿಸಿ ತೆನೆ ಸುಟ್ಟು ತಿಂದ ಮೇಲೆ, ಆರಿದೆ ಎಂದುಕೊಂಡು ನಾನೇ ಉಳಿದ ಇದ್ದಿಲನ್ನು ಗೋಣಿಚೀಲಕ್ಕೆ ತುಂಬಿ ಜೀಪಿನಲ್ಲಿಟ್ಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸುಟ್ಟ ವಾಸನೆ; ಚೀಲದ ತಳದಲ್ಲಿ ಅಂಗೈಯಗಲ ತೂತು! ವಿಜ್ಞಾನ ಓದಿದವನ ಪಾಡು ಇದು.

ಸರಿಯಾದ ಕ್ರಮ ಹೀಗೆ: ಕೆಂಡವನ್ನು ಇಕ್ಕಳದಿಂದ ಬಿಗಿ ಮುಚ್ಚಳದ ಕಬ್ಬಿಣದ ಡಬ್ಬಿಗೆ ಹಾಕಿ, ಹೊರಗೆ ಬಯಲಲ್ಲಿಡಿ. ಗಾಳಿ ಸಿಗದೆ ಅದು ಆರುತ್ತದೆ. ಒಂದು ಇಡೀ ದಿನ ಮುಚ್ಚಳ ತೆಗೆಯಬೇಡಿ. ಆಮೇಲೆ ಬೂದಿ ಉದುರಿಸಿ, ಹೊಸ ಇದ್ದಿಲಿನ ಜೊತೆ ಬೆರೆಸಿ ಬಳಸಿ. ಒಲೆಯಲ್ಲಿರುವ ಕೆಂಡಕ್ಕೆ ನೀರು ಸುರಿದರೆ ಹಬೆ ಮುಖಕ್ಕೆ ರಾಚುತ್ತದೆ. ನೀರು ಬಿದ್ದ ಇದ್ದಿಲನ್ನು ಬಿಸಿಲಿಗೆ ಒಣಗಿಸಿಯೇ ಬಳಸಬೇಕು. ಬೂದಿ ಕ್ಷಾರ ಗುಣದ್ದು. ಸವಳು ಹಿಡಿದ ಹೊಲಕ್ಕೆ ಚೆಲ್ಲಬೇಡಿ.

ವಿದ್ಯಾರ್ಥಿ ಮಿತ್ರರೆ, ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಇಂಗಾಲದ ಮೊನಾಕ್ಸೈಡಿನ ಗುಣಗಳನ್ನು ಬರೆದು ಅಂಕ ಪಡೆಯುತ್ತೀರಿ. ಅದೇ ಮಾತನ್ನು ಮನೆಯಲ್ಲಿ ಅಜ್ಜಿಗೆ ಅರ್ಥವಾಗುವಂತೆ ಹೇಳಿ, ಬಾಣಂತಿ ಕೋಣೆಯ ಕಿಟಕಿ ತೆರೆಸಿ, ಕೆಂಡವನ್ನು ಹೊರಗಿಡಿಸಿದರೆ ಅದಕ್ಕಿಂತ ದೊಡ್ಡ ಅಂಕ ಬೇರೊಂದಿಲ್ಲ.