ತಂತಿ ಕಟ್ಟಿದರೆ ಸಾಲದು

ವಿಮಾನವೆಂದರೆ ದೊಡ್ಡ ಕಾರ್ಖಾನೆಯಲ್ಲೇ ತಯಾರಾಗಬೇಕೆಂದು ನೀವು ತಿಳಿದಿರಬಹುದು. ಆದರೆ ಅಮೆರಿಕದಲ್ಲಿ ಸಾವಿರಾರು ಹವ್ಯಾಸಿಗಳು ಮನೆಯ ಗ್ಯಾರೇಜಿನಲ್ಲಿಯೇ ಪುಟ್ಟ ವಿಮಾನ ಕಟ್ಟಿ ಹಾರಿಸುತ್ತಾರೆ. ಇಂಥವರಿಗಾಗಿಯೇ 1953ರಲ್ಲಿ ಪಾಲ್ ಪೊಬೆರೆಜ್ನಿ ಅವರು ವಿಸ್ಕಾನ್ಸಿನ್ ರಾಜ್ಯದಲ್ಲಿ ‘ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್’ ಸ್ಥಾಪಿಸಿದರು. ಈ ವಿಮಾನಗಳಲ್ಲಿ ಹಲವಕ್ಕೆ ಮರದ ಪ್ರೊಪೆಲರ್ ಇರುತ್ತದೆ. ಅದನ್ನು ಎಂಜಿನ್ನಿಗೆ ಹಿಡಿದಿಡುವುದು ಸಾಮಾನ್ಯವಾಗಿ ಆರು ಬೋಲ್ಟುಗಳು. ಹಾರಾಟದ ನಡುವೆ ಅವು ಮುರಿದರೆ ಪ್ರೊಪೆಲರ್ ಕಳಚಿ ಹೋಗುತ್ತದೆ.

ಈ ಬೋಲ್ಟುಗಳ ಕೆಲಸವೇನು? ಅವು ಗೂಟಗಳಂತೆ ಪ್ರೊಪೆಲರನ್ನು ತಳ್ಳಿ ತಿರುಗಿಸುತ್ತವೆ ಎಂದು ಮೇಲುನೋಟಕ್ಕೆ ಅನಿಸುತ್ತದೆ. ನಿಜಸ್ಥಿತಿ ಬೇರೆ. ಬೋಲ್ಟುಗಳು ಮರವನ್ನು ಎಂಜಿನ್ನಿನ ಲೋಹದ ತಟ್ಟೆಗೆ ಬಲವಾಗಿ ಒತ್ತಿ ಹಿಡಿಯುತ್ತವೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಎಂಜಿನ್ನಿನ ಶಕ್ತಿಯನ್ನು ಮುಖ್ಯವಾಗಿ ಪ್ರೊಪೆಲರಿಗೆ ದಾಟಿಸುತ್ತದೆ.

ಒಂದು ಲೆಕ್ಕ ನೋಡಿ. ನಾಲ್ಕು ಸಿಲಿಂಡರಿನ, ನಾಲ್ಕು ಹೊಡೆತದ ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗಿದರೆ ಸೆಕೆಂಡಿಗೆ 40 ಸುತ್ತು. ಸುತ್ತಿಗೆ ಎರಡು ಸ್ಫೋಟದಂತೆ ಸೆಕೆಂಡಿಗೆ 80 ಹೊಡೆತ! ಹಿಡಿತ ಸಡಿಲವಾದರೆ ಪ್ರತಿ ಹೊಡೆತಕ್ಕೂ ಮರ ತಟ್ಟೆಯ ಮೇಲೆ ಕೂದಲೆಳೆಯಷ್ಟು ಜಾರುತ್ತದೆ. ಉಜ್ಜಾಟದ ಬಿಸಿಗೆ ಮರ ಸುಟ್ಟು ಕಪ್ಪಾಗುತ್ತದೆ. ಹಿಂದೆ ಮುಂದೆ ಬಾಗಿದ ಬೋಲ್ಟು ಕ್ರಮೇಣ ದಣಿದು ಮುರಿಯುತ್ತದೆ.

ಸಡಿಲವಾಗುವ ಈ ತೊಂದರೆ ಹೊಸದಲ್ಲ. 1903ರ ನವೆಂಬರಿನಲ್ಲಿ ರೈಟ್ ಸಹೋದರರು ಎಂಜಿನ್ ಪರೀಕ್ಷಿಸುವಾಗ ಪ್ರೊಪೆಲರ್ ದಂಡದ ಹಲ್ಲುಚಕ್ರಗಳು ಪದೇ ಪದೇ ಸಡಿಲವಾದವು. ಕೊನೆಗೆ ಅವುಗಳನ್ನು ನಿಲ್ಲಿಸಿದ್ದು ಸೈಕಲ್ ಟೈರ್ ಅಂಟಿಸುವ ಗಟ್ಟಿ ಅಂಟು.

ಇಂದು ಬೋಲ್ಟಿನ ತಲೆಗೆ ರಂಧ್ರ ಕೊರೆದು ತುಕ್ಕು ಹಿಡಿಯದ ಉಕ್ಕಿನ ತಂತಿ ಪೋಣಿಸುತ್ತಾರೆ. ಎರಡೆಳೆಯನ್ನು ಹುರಿಮಾಡಿ ಪಕ್ಕದ ಬೋಲ್ಟಿಗೆ ಕಟ್ಟುತ್ತಾರೆ. ಒಂದು ಬೋಲ್ಟು ಸಡಿಲವಾಗಲು ತಿರುಗಿದರೆ ತಂತಿ ಇನ್ನೊಂದನ್ನು ಬಿಗಿಯುವ ದಿಕ್ಕಿಗೇ ಎಳೆಯಬೇಕು. ಹಾಗೆ ಕಟ್ಟುವುದೇ ಇಲ್ಲಿನ ಜಾಣ್ಮೆ. ಒಮ್ಮೆ ಬಿಚ್ಚಿದ ತಂತಿಯನ್ನು ಮತ್ತೆ ಬಳಸುವಂತಿಲ್ಲ.

ಹಾಗಾದರೆ ತಂತಿ ಕಟ್ಟಿದ ಮೇಲೆ ನಿಶ್ಚಿಂತೆಯೇ? ಇಲ್ಲ. ಬೇಸಿಗೆಯಲ್ಲಿ ಗುದ್ದಲಿಯ ಕಾವು ಒಣಗಿ ಅಲುಗಾಡುವುದನ್ನೂ, ಅದನ್ನು ನೀರಿನಲ್ಲಿ ನೆನೆಸಿ ಬಿಗಿಮಾಡುವುದನ್ನೂ ನೀವು ನೋಡಿರುತ್ತೀರಿ. ಪ್ರೊಪೆಲರಿನ ಮರದ ಗುಣವೂ ಅದೇ. ಮರ ಎಳೆಗಳ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಬೋಲ್ಟುಗಳು ಹಾಯುವುದು ಅಡ್ಡಕ್ಕೇ. ತೇವದ ಫ್ಲಾರಿಡಾದಲ್ಲಿ ಬಿಗಿದ ಪ್ರೊಪೆಲರ್ ಒಣಹವೆಯ ಅರಿಜೋನಾಕ್ಕೆ ಹೋದರೆ ಮರ ತೆಳುವಾಗುತ್ತದೆ. ಬೋಲ್ಟು ಒಂದಿಷ್ಟೂ ತಿರುಗಿರುವುದಿಲ್ಲ, ತಂತಿಯೂ ಅಚ್ಚುಕಟ್ಟಾಗಿರುತ್ತದೆ. ಆದರೆ ಒತ್ತಡ ಮಾಯವಾಗಿರುತ್ತದೆ! ತಂತಿ ಬೋಲ್ಟು ತಿರುಗದಂತೆ ತಡೆಯಬಲ್ಲದೇ ಹೊರತು ಮರ ಕುಗ್ಗದಂತೆ ತಡೆಯಲಾರದು.

ಆದ್ದರಿಂದ ತಯಾರಕರ ಕೈಪಿಡಿ ಹೇಳಿದ ಅವಧಿಗೆ, ಹವೆ ಬದಲಾದಾಗಲೂ, ತಂತಿ ಕತ್ತರಿಸಿ ಬಿಗಿತವನ್ನು ಟಾರ್ಕ್ ವ್ರೆಂಚಿನಿಂದ ಅಳೆಯಬೇಕು. ಮೊದಲು ಎಂಜಿನ್ನಿನ ಕಿಡಿ ವ್ಯವಸ್ಥೆ ಬಂದಾಗಿದೆಯೇ ನೋಡಬೇಕು. ಎದುರುಬದುರಿನ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಹೆಚ್ಚು ಬಿಗಿದರೂ ಅಪಾಯ. ಮರದ ಎಳೆಗಳು ಜಜ್ಜಿ ಹೋಗುತ್ತವೆ. ಕೆಲವರು ಬಟ್ಟಲಿನಾಕಾರದ ಸ್ಪ್ರಿಂಗ್ ವಾಷರುಗಳನ್ನು ಹಾಕುತ್ತಾರೆ. ಮರ ಕುಗ್ಗಿದಾಗ ಅವು ಅರಳಿ ಒತ್ತಡವನ್ನು ಬಹುಮಟ್ಟಿಗೆ ಉಳಿಸುತ್ತವೆ.

ಕಾರ್ಖಾನೆಯ ವಿಮಾನವಾದರೆ ತಪಾಸಣೆಗೆ ಬೇರೆಯವರಿರುತ್ತಾರೆ. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಬಹುಮಟ್ಟಿಗೆ ಕಟ್ಟಿದವನೇ ತಪಾಸಣೆಗಾರ, ಹಾರುವವನೂ ಅವನೇ. ಕಣ್ಣಿಗೆ ಕಾಣುವ ತಂತಿಯನ್ನು ನೋಡಿ ತೃಪ್ತನಾಗದೆ, ಕಾಣದ ಒತ್ತಡವನ್ನು ಅವನು ಅಳೆದೇ ತಿಳಿಯಬೇಕು.