ಹೊಲ ಮಾರಿದ ದುಡ್ಡಿಗೆ ತೆರಿಗೆ ಇದೆಯೇ?

ಕಿತ್ತೂರಿನ ಹೆದ್ದಾರಿ ಬದಿಯ ಹೊಲವಿರಲಿ, ಮಲಪ್ರಭೆಯ ದಂಡೆಯ ಎರಿ ಹೊಲವಿರಲಿ, ಮಾರುವ ಮೊದಲು ಒಂದು ದೂರ ಅಳೆಯಿರಿ.

ಬೈಲಹೊಂಗಲ, ಸವದತ್ತಿ, ರಾಮದುರ್ಗ. 2011ರ ಜನಗಣತಿಯಲ್ಲಿ ಈ ಮೂರೂ ಪಟ್ಟಣಗಳ ಜನಸಂಖ್ಯೆ 10 ಸಾವಿರಕ್ಕಿಂತ ಹೆಚ್ಚು, 1 ಲಕ್ಷಕ್ಕಿಂತ ಕಡಿಮೆ. ಇಂಥ ಪುರಸಭೆಯ ಗಡಿಯಿಂದ 2 ಕಿಲೋಮೀಟರ್ ಆಚೆಗಿನ ಸಾಗುವಳಿ ಹೊಲ ಗ್ರಾಮೀಣ ಕೃಷಿ ಭೂಮಿ. ಅದನ್ನು ಮಾರಿದ ಲಾಭಕ್ಕೆ ಬಂಡವಾಳ ಗಳಿಕೆ ತೆರಿಗೆ ಇಲ್ಲ. ನೆನಪಿಡಿ, ದೂರ ಅಳೆಯುವುದು ರಸ್ತೆಯ ಮೇಲಲ್ಲ, ನೇರ ಗೆರೆಯಲ್ಲಿ.

ಆ 2 ಕಿಲೋಮೀಟರ್ ಒಳಗಿದ್ದರೆ? ಎನ್‌ಎ (ಕೃಷಿಯೇತರ) ಪ್ಲಾಟ್ ಆಗಿದ್ದರೆ? ತೆರಿಗೆ ಬರುತ್ತದೆ. 2 ವರ್ಷಕ್ಕಿಂತ ಹೆಚ್ಚು ನಿಮ್ಮ ಬಳಿ ಇದ್ದರೆ ಲಾಭದ ಮೇಲೆ ಶೇ 12.5. 2024ರ ಜುಲೈ 23ಕ್ಕೂ ಮೊದಲು ಕೊಂಡಿದ್ದರೆ, ಬೆಲೆಯೇರಿಕೆ ಲೆಕ್ಕ ಹಿಡಿದು ಶೇ 20ರಂತೆಯೂ ನೋಡಿ. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಕಟ್ಟಿ.

ಉಳಿಸುವ ದಾರಿಯೂ ಇದೆ. ನೀವೋ ನಿಮ್ಮ ತಂದೆತಾಯಿಯೋ ಕಳೆದ 2 ವರ್ಷ ಉಳುತ್ತಿದ್ದ ಹೊಲ ಮಾರಿ, 2 ವರ್ಷದೊಳಗೆ ಬೇರೆ ಹೊಲ ಕೊಂಡರೆ, ಅದಕ್ಕೆ ಹಾಕಿದಷ್ಟು ಲಾಭಕ್ಕೆ ವಿನಾಯಿತಿ ಸಿಗುತ್ತದೆ. ಆದರೆ ಹೊಸ ಹೊಲವನ್ನು 3 ವರ್ಷ ಮಾರಬಾರದು.

ಮುಂಗಡವನ್ನು 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯಬೇಡಿ. ಪಡೆದಷ್ಟೇ ದಂಡ ಬೀಳಬಹುದು. ಬ್ಯಾಂಕ್ ಮೂಲಕವೇ ಪಡೆಯಿರಿ.

ಉತಾರ, ಖರೀದಿ ಪತ್ರ, ದೂರ ತೋರಿಸುವ ದಾಖಲೆ. ಈ ಮೂರನ್ನು ಹಿಡಿದು ಲೆಕ್ಕ ಪರಿಶೋಧಕರನ್ನು ಕಂಡು, ಆಮೇಲೆ ಸಹಿ ಹಾಕಿ. ಹಿರಿಯರು ದುಡಿದು ಉಳಿಸಿದ ಭೂಮಿ ಅದು. ಅದರ ದುಡ್ಡು ತಿಳಿಯದ ತಪ್ಪಿಗೆ ಕರಗದಿರಲಿ.