ಹಿಂದಿನ ದೀಪ ಉರಿಯುತ್ತೆ, ಬ್ರೇಕ್ ಲೈಟ್?

ಮಗಳನ್ನು ಟ್ಯೂಷನ್ನಿನಿಂದ ಕರೆತರುವಾಗ ಹಿಂದಿದ್ದ ಆಟೋದವರು ಕೂಗಿದರು: ‘ಮೇಡಂ, ನಿಮ್ ಬ್ರೇಕ್ ಲೈಟೇ ಹತ್ತುತ್ತಿಲ್ಲ, ಗುದ್ದಿಬಿಡ್ತಿದ್ದೆ!’ ಎದೆ ಧಸಕ್ಕೆಂದಿತು. ಹಿಂದೆ ಕೆಂಪು ದೀಪ ಉರಿಯುತ್ತಲೇ ಇತ್ತಲ್ಲ?

ಮೋಸ ಹೋಗೋದೇ ಇಲ್ಲಿ. ಬಹುತೇಕ ಸ್ಕೂಟರುಗಳಲ್ಲಿ ಒಂದೇ ಬಲ್ಬಿನೊಳಗೆ ಎರಡು ಫಿಲಮೆಂಟ್ ಇರುತ್ತವೆ. 5 ವ್ಯಾಟಿನದು ಹಿಂದಿನ ದೀಪಕ್ಕೆ, 21 ವ್ಯಾಟಿನದು ಬ್ರೇಕಿಗೆ. ಒಂದು ಸುಟ್ಟರೂ ಇನ್ನೊಂದು ಉರಿಯುತ್ತದೆ.

ಕತ್ತಲಾದ ಮೇಲೆ ಗಾಡಿಯ ಹಿಂಭಾಗ ಕಾಂಪೌಂಡ್ ಗೋಡೆಯ ಕಡೆಗಿರುವಂತೆ ನಿಲ್ಲಿಸಿ. ಕೀ ಆನ್ ಮಾಡಿ, ಎಡ, ಬಲ ಬ್ರೇಕುಗಳನ್ನು ಒಂದೊಂದಾಗಿ ಹಿಡಿದು ತಿರುಗಿ ನೋಡಿ. ಗೋಡೆ ಫಕ್ಕನೆ ಕೆಂಪಗಾಗಬೇಕು. ಒಂದರಲ್ಲಿ ಮಾತ್ರ ಆಗದಿದ್ದರೆ ಆ ಹಿಡಿಯ ಬುಡದ ಪುಟ್ಟ ಸ್ವಿಚ್ಚಿನ ತೊಂದರೆ. ಮೆಕ್ಯಾನಿಕ್‌ಗೆ ಹಾಗಂತಲೇ ಹೇಳಿ. ಎರಡರಲ್ಲೂ ಆಗದಿದ್ದರೆ ಮೊದಲು ಬಲ್ಬನ್ನು ಅನುಮಾನಿಸಿ.

ಕೀ ತೆಗೆದು, ಬಲ್ಬು ತಣ್ಣಗಾದ ಮೇಲೆ ಕೆಂಪು ಮುಚ್ಚಳದ ಸ್ಕ್ರೂ ಬಿಚ್ಚಿ. ಬಲ್ಬನ್ನು ಒಳಕ್ಕೊತ್ತಿ ಎಡಕ್ಕೆ ತಿರುಗಿಸಿದರೆ ಕೈಗೆ ಬರುತ್ತದೆ. ಅದನ್ನೇ ಅಂಗಡಿಗೆ ಒಯ್ದು ಅಂಥದ್ದೇ ತನ್ನಿ. ಅದರ ಪಕ್ಕದ ಎರಡು ಮೊಳೆಗಳು ಒಂದು ಮೇಲೆ, ಒಂದು ಕೆಳಗೆ ಇರುತ್ತವೆ. ಕೂರದಿದ್ದರೆ ಅರ್ಧ ಸುತ್ತು ತಿರುಗಿಸಿ ಹಾಕಿ, ಬಲಪ್ರಯೋಗ ಬೇಡ. ಎಲ್‌ಇಡಿ ದೀಪದ ಗಾಡಿಯಾದರೆ ಗ್ಯಾರೇಜಿಗೇ ಬಿಡಿ.

ನನ್ನದರಲ್ಲಿ ಸುಟ್ಟಿದ್ದು ಬಲ್ಬೇ. ಯಜಮಾನರು ಆಫೀಸಿನಿಂದ ಬರುವಷ್ಟರಲ್ಲಿ ಗೋಡೆ ಕೆಂಪಗಾಗಿತ್ತು!